ಕೋಳಿಗೆ ಉಷ್ಣವಾಗಿಲ್ಲ, ಮಜ್ಜಿಗೆ ನೀವೇ ಕುಡಿಯಿರಿ

ಪ್ರಶ್ನೆ: ಹಿತ್ತಲಿನಲ್ಲಿ ನಾಲ್ಕು ಗಿರಿರಾಜ ಹೇಂಟೆಗಳಿವೆ. ಒಂದೂವರೆ ವರ್ಷವಾಗಿದೆ. ಎರಡು ವಾರದಿಂದ ಪುಕ್ಕ ರಾಶಿ ರಾಶಿಯಾಗಿ ಉದುರುತ್ತಿದೆ, ಮೊಟ್ಟೆಯೂ ನಿಂತಿದೆ. ಉಷ್ಣವಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಮಜ್ಜಿಗೆ ಕೊಡುತ್ತಿದ್ದೇವೆ, ತಲೆಗೆ ಹರಳೆಣ್ಣೆ ಹಚ್ಚಿದ್ದೇವೆ. ಇನ್ನೇನು ಮಾಡಬೇಕು?
ಕೆಂಗೇರಿಯ ಓದುಗರು

ಉತ್ತರ: ಗಣೇಶನನ್ನು ನೀರಿಗೆ ಬಿಟ್ಟ ಮರುವಾರದಿಂದ ಈ ಪ್ರಶ್ನೆ ಬರಲು ಶುರುವಾಗುತ್ತದೆ. ಒಂದು ವರ್ಷ ಯಲಹಂಕದಿಂದ, ಇನ್ನೊಂದು ವರ್ಷ ಕೆಂಗೇರಿಯಿಂದ. ಬಡಾವಣೆ ಬದಲಾಗುತ್ತದೆ, ಮಜ್ಜಿಗೆ ಬದಲಾಗುವುದಿಲ್ಲ.

ನಿಮ್ಮ ಕೋಳಿಗಳು ಹಳೆಯ ಗರಿ ಬಿಟ್ಟು ಹೊಸದು ತೊಡುತ್ತಿವೆ, ಅಷ್ಟೇ. ಹಾವು ಪೊರೆ ಬಿಟ್ಟರೆ ಯಾರೂ ಎಣ್ಣೆ ಬಾಟಲಿ ಹಿಡಿದು ಹುತ್ತದ ಬಳಿಗೆ ಓಡುವುದಿಲ್ಲ. ತಲೆ, ಕತ್ತಿನಿಂದ ಶುರುವಾಗಿ ಎದೆ, ಬೆನ್ನು, ರೆಕ್ಕೆ ದಾಟಿ ಕೊನೆಗೆ ಬಾಲದ ಸರದಿ ಬರುತ್ತದೆ. ಎಲ್ಲ ಮುಗಿಯಲು 8ರಿಂದ 12 ವಾರ ಹಿಡಿಯುತ್ತದೆ. ಗಣೇಶನ ಹಬ್ಬಕ್ಕೆ ಬೋಳಾದ ಹೇಂಟೆ ಬಸವನಗುಡಿಯ ಕಡಲೆಕಾಯಿ ಪರಿಷೆಯ ಹೊತ್ತಿಗೆ ಹೊಸ ಗರಿ ಕೊಡವಿಕೊಂಡು ಓಡಾಡುತ್ತಿರುತ್ತದೆ. ಅಲ್ಲಿಯವರೆಗೆ ಮೊಟ್ಟೆ ಅಂಗಡಿಯಿಂದ ತನ್ನಿ.

ಇನ್ನು ಉಷ್ಣದ ವಿಚಾರ. ಕೋಳಿಯ ಮೈಬಿಸಿ ಸಹಜವಾಗಿಯೇ ಸುಮಾರು 41 ಡಿಗ್ರಿ. ನಮಗೆ ಅಷ್ಟಿದ್ದರೆ ಆಸ್ಪತ್ರೆಗೆ ಹೊತ್ತೊಯ್ಯುತ್ತಾರೆ. ಮುಟ್ಟಿ ನೋಡಿ 'ಮೈ ಕಾದಿದೆ' ಎನ್ನುವವರಿಗೆ ಮೊದಲು ಇದು ತಿಳಿದಿರಲಿ. ಎರಡನೆಯದಾಗಿ, ಸೆಕೆಯೇ ಕಾರಣವಾಗಿದ್ದರೆ ಬೆಂಗಳೂರಿನ ಕೋಳಿಗಳು 34, 35 ಡಿಗ್ರಿಯ ಏಪ್ರಿಲ್‌ನಲ್ಲಿ ಬೋಳಾಗಬೇಕಿತ್ತು. ಸೆಕೆ ತಾಳದ ಕೋಳಿ ಕೊಕ್ಕು ತೆರೆದು ಏದುಸಿರು ಬಿಡುತ್ತದೆ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ನಿಲ್ಲುತ್ತದೆ. ನಿಮ್ಮ ಪುಕ್ಕ ಉದುರಿದ್ದು ಮಳೆ ಹಿಡಿದು, ನೀವು ಸ್ವೆಟರ್ ಹುಡುಕುವ ಕಾಲದಲ್ಲಿ. ಕೋಳಿ ಲೆಕ್ಕ ಇಡುವುದು ಬಿಸಿಲಿನ ತಾಪವನ್ನಲ್ಲ, ಹಗಲಿನ ಉದ್ದವನ್ನು. ನಮ್ಮಲ್ಲಿ ಜೂನ್‌ನ ಹಗಲಿಗೂ ಡಿಸೆಂಬರ್‌ನ ಹಗಲಿಗೂ ಸುಮಾರು ಒಂದೂವರೆ ಗಂಟೆಯಷ್ಟೇ ಅಂತರವಿರುವುದರಿಂದ ಎಲ್ಲ ಕೋಳಿಗಳೂ ಒಟ್ಟಿಗೇ ಬೋಳಾಗುವುದಿಲ್ಲ. ವಯಸ್ಸು, ಎಷ್ಟು ತಿಂಗಳಿಂದ ಮೊಟ್ಟೆ ಇಡುತ್ತಿದೆ ಎಂಬುದೂ ಸೇರಿಕೊಳ್ಳುತ್ತದೆ. 'ಪಕ್ಕದ ಮನೆಯ ಕೋಳಿಗೆ ಏನೂ ಆಗಿಲ್ಲವಲ್ಲ' ಎಂದು ಕೇಳುವವರಿಗೂ ಇದೇ ಉತ್ತರ.

ಬರಿಯ ತಪ್ಪು ನಂಬಿಕೆಯಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ನನಗೆ ಸಿಟ್ಟು ಬರುವುದು ಅದರ ಹಿಂದೆಯೇ ಬರುವ ಪಥ್ಯಕ್ಕೆ. ಉಷ್ಣ ಎಂದ ಕೂಡಲೇ ಒಣಮೀನು ನಿಲ್ಲುತ್ತದೆ, ಹುರುಳಿ ನಿಲ್ಲುತ್ತದೆ, ಕಡಲೆಕಾಯಿ ಹಿಂಡಿ ನಿಲ್ಲುತ್ತದೆ. ತಂಪೆಂದು ರಾಗಿ, ಮೊಸರನ್ನ, ಮಜ್ಜಿಗೆ ಬರುತ್ತವೆ. ಒಣಗರಿಯ ತೂಕದಲ್ಲಿ ಶೇ 85ಕ್ಕೂ ಹೆಚ್ಚು ಪ್ರೋಟೀನ್. ಸಾವಿರಾರು ಗರಿಗಳನ್ನು ಎರಡು ಮೂರು ತಿಂಗಳಲ್ಲಿ ನೇಯಬೇಕಾದ ಹಕ್ಕಿಗೆ ನಾವು ಕೊಡುವುದು ಶೇ 7ರ ಆಸುಪಾಸಿನಲ್ಲಿ ಪ್ರೋಟೀನ್ ಇರುವ ರಾಗಿ! ಮೊಟ್ಟೆ ಕೋಳಿಯ ಮೇವಿನಲ್ಲಿ ಮಾಮೂಲಿ ದಿನಗಳಲ್ಲೇ ಶೇ 16ರಿಂದ 18 ಇರುತ್ತದೆ. ಹೀಗೆ ಗರಿ ನಿಧಾನವಾಗಿ ಬರುತ್ತದೆ, 'ನೋಡಿ, ಉಷ್ಣ ಇನ್ನೂ ಇಳಿದಿಲ್ಲ' ಎಂದು ಇನ್ನೊಂದು ಲೋಟ ಮಜ್ಜಿಗೆ. ಅದಕ್ಕೆ ಉಪ್ಪು ಹಾಕಿದ್ದರಂತೂ ಕೋಳಿಗೆ ಕೆಡುಕೇ.

ಹರಳೆಣ್ಣೆಯ ವಿಷಯದಲ್ಲಿ ನಾನೂ ತಪ್ಪಿತಸ್ಥ. ಮೊದಲ ವರ್ಷ ಹಿರಿಯರ ಮಾತು ಕೇಳಿ ಹಚ್ಚಿದೆ. ಆ ಹೇಂಟೆ ನೇರವಾಗಿ ಬೂದಿಗುಂಡಿಗೆ ಹೋಗಿ ಹೊರಳಿತು, ಎದ್ದು ಬಂದಾಗ ಸುಡದ ಇಟ್ಟಿಗೆಯಂತಿತ್ತು. ಹೊಸ ಗರಿಯ ಮೊಳಕೆಯಲ್ಲಿ ರಕ್ತ ಹರಿಯುತ್ತಿರುತ್ತದೆ, ಮುಟ್ಟಿದರೆ ನೋವು. ತಿಕ್ಕಿ ತೊಳೆಯಲು ಹೋದಾಗ ಅದು ಕೂಗಿದ ಕೂಗಿಗೆ ಮಹಡಿಯವರು ಇಳಿದು ಬಂದಿದ್ದರು. ಎತ್ತಬೇಡಿ, ಹಚ್ಚಬೇಡಿ, ಸವರಬೇಡಿ. ಮಾಮೂಲಿ ಮೇವಿನ ಜೊತೆ ಉಪ್ಪಿಲ್ಲದ ಒಣಮೀನು ಅಥವಾ ಬೇಯಿಸಿದ ಹುರುಳಿ ಕೊಡಿ. ಬೂಸ್ಟು ಹಿಡಿದ ಹಿಂಡಿ ಮಾತ್ರ ಬೇಡವೇ ಬೇಡ, ಅದು ವಿಷ.

ಪುಕ್ಕ ಹೋದದ್ದೆಲ್ಲ ಇದೇ ಕಾರಣಕ್ಕಲ್ಲ, ನಿಜ. ಬೆನ್ನು ಮಾತ್ರ ಬೋಳಾಗಿದ್ದರೆ ಹುಂಜನನ್ನು ನೋಡಿ. ಎದೆ ಮಾತ್ರವಾದರೆ ಅದು ಕಾವಿಗೆ ಕೂತಿದೆ. ಬಾಲದ ಕೆಳಗೆ ಗರಿಯ ಬುಡದಲ್ಲಿ ಬಿಳಿ ಸೀರುಗಳು ಗುಂಪುಗಟ್ಟಿದ್ದರೆ ಹೇನು. ಕೆಂಪು ನುಸಿ ಹಗಲಿನಲ್ಲಿ ಗೂಡಿನ ಸಂದಿಯಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುತ್ತದೆ, ಆದ್ದರಿಂದ ಕತ್ತಲಾದ ಮೇಲೆ ಟಾರ್ಚ್ ಹಿಡಿದು ನೋಡಿ. ಚರ್ಮ ಕಿತ್ತು ರಕ್ತ ಕಂಡರೆ ಜಾಗ ಸಾಲದೆ ಒಂದನ್ನೊಂದು ಕುಕ್ಕುತ್ತಿವೆ. ಇವುಗಳಿಗೆ ಪಶುವೈದ್ಯರಿದ್ದಾರೆ.

ಉಷ್ಣದ ಮಾತು ಬಂತಲ್ಲ, ನೀವು ಕೇಳದ ಒಂದನ್ನು ಹೇಳಿಬಿಡುತ್ತೇನೆ. ಹುಟ್ಟಿನಿಂದಲೇ ಕತ್ತಿನಲ್ಲಿ ಗರಿಯಿಲ್ಲದ ಕೋಳಿಗಳಿವೆ. ಒಂದು ಜೀನ್‌ನ ಕೆಲಸ ಅದು. ತಂದೆ ತಾಯಿ ಇಬ್ಬರಿಂದಲೂ ಅದು ಬಂದಿದ್ದರೆ ಕತ್ತು ಪೂರ್ತಿ ಬೋಳು, ಒಬ್ಬರಿಂದ ಬಂದಿದ್ದರೆ ಕತ್ತಿನ ಮುಂಭಾಗದಲ್ಲಿ ಒಂದು ಗೊಂಚಲು ಉಳಿಯುತ್ತದೆ. ಮೈಮೇಲೂ ಗರಿ ಕಡಿಮೆ. ಹಾಗಾಗಿ ಮೈಬಿಸಿ ಬೇಗ ಹೊರಹೋಗುತ್ತದೆ, ಬಿಸಿಲು ನಾಡಿನಲ್ಲಿ ಇವು ಚೆನ್ನಾಗಿ ಬಾಳುತ್ತವೆ. ಅಂದರೆ ಉಷ್ಣದಿಂದ ಗರಿ ಹೋಗುವ ಮಾತು ಹಾಗಿರಲಿ, ಗರಿ ಕಡಿಮೆಯಿದ್ದವಕ್ಕೇ ಉಷ್ಣ ತಡೆಯುವುದು ಸುಲಭ. ನನ್ನ ಪರಿಚಯದವರೊಬ್ಬರು ಸಂತೆಯಿಂದ ಇಂಥದ್ದೊಂದನ್ನು ತಂದು ನಾಲ್ಕು ತಿಂಗಳು ಕತ್ತಿಗೆ ಎಣ್ಣೆ ಹಚ್ಚಿದರು. ನಾನು ಹೇಳಿದ್ದನ್ನು ನಂಬಲಿಲ್ಲ. ಕೊನೆಗೆ ಅದು ಕಾವಿಗೆ ಕೂತು ಮರಿ ಮಾಡಿತು. ಚಿಪ್ಪೊಡೆದು ಬಂದ ಮರಿಗಳಲ್ಲಿ ಅರ್ಧದಷ್ಟರ ಕತ್ತು ಬೋಳಾಗಿಯೇ ಇತ್ತು. ಅಂದು ಸಂಜೆ ಫೋನ್ ಮಾಡಿ, 'ಮರಿಗೂ ಹಚ್ಚಬೇಕಾ?' ಎಂದು ಕೇಳಿದರು.