ಕೈ ಬಿಸಿಯಾಗಲಿಲ್ಲವೆಂದು ಗುಂಪು ಬಿಡಬೇಡಿ

ಮಲಗಿದವರ ಮೈಮೇಲೆ ಅಂಗೈಯಿಟ್ಟು ಶಕ್ತಿ ಹರಿಸುವುದೆಂದು ನಂಬುವ ಜಪಾನಿನ ಪದ್ಧತಿ ರೇಕಿ. ಅದರ ಮೊದಲ ದೀಕ್ಷೆ ಪಡೆದವರಿಂದ ಒಂದೆರಡು ತಿಂಗಳೊಳಗೆ ನನಗೆ ಬರುವ ದೂರವಾಣಿ ಕರೆಗಳು ಬಹುಮಟ್ಟಿಗೆ ಎರಡೇ ಬಗೆಯವು. “ಕೈಗೆ ಏನೂ ಗೊತ್ತಾಗುತ್ತಿಲ್ಲ ಮೇಡಂ, ನನ್ನಲ್ಲಿ ಶಕ್ತಿ ಹರಿಯುತ್ತಿಲ್ಲವೇನೋ, ಮುಂದಿನ ಹಂತದ ಸೆಕೆಂಡ್ ಡಿಗ್ರಿ ಮಾಡಿಬಿಡಲೇ?” ಎನ್ನುವವರು ಕೆಲವರು. “ನಿನ್ನೆ ನಮ್ಮ ಭಾವನವರ ಹೊಟ್ಟೆಯ ಮೇಲೆ ಕೈಯಿಟ್ಟೆ, ಸುಡತೊಡಗಿತು, ಲಿವರ್‌ನಲ್ಲಿ ಏನೋ ಇರಬೇಕು” ಎನ್ನುವವರು ಮತ್ತೆ ಕೆಲವರು. ಒಬ್ಬರದು ಅಧೈರ್ಯ, ಇನ್ನೊಬ್ಬರದು ಅತಿಧೈರ್ಯ ಎಂದು ಮೇಲ್ನೋಟಕ್ಕೆ ಅನ್ನಿಸಿದರೂ ಇಬ್ಬರ ತಪ್ಪೂ ಒಂದೇ ಆಗಿದೆ. ತಮ್ಮ ಅಂಗೈಯಲ್ಲಿ ಆದದ್ದನ್ನು ಮಲಗಿದವರ ದೇಹದ ವರದಿಯೆಂದು ಇಬ್ಬರೂ ನಂಬಿದ್ದಾರೆ. ಹತ್ತಿರದಲ್ಲಿ ಒಂದು ಅಭ್ಯಾಸದ ಗುಂಪಿದ್ದರೆ ಅಲ್ಲಿಗೆ ಹೋಗಿ ಎಂದು ನಾನು ಇಬ್ಬರಿಗೂ ಹೇಳುತ್ತೇನೆ, ಇಬ್ಬರೂ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಗುಂಪಿನಲ್ಲಿ ನಡೆಯುವುದು ತೀರ ಸರಳ. ಆರೆಂಟು ಜನ ಯಾರದಾದರೂ ಮನೆಯ ಹಜಾರದಲ್ಲಿ ಸೇರುತ್ತಾರೆ. ಒಬ್ಬರು ಮಲಗಿದರೆ ಮೂವರೋ ನಾಲ್ವರೋ ತಲೆ, ಭುಜ, ಮೊಣಕಾಲು, ಪಾದಗಳ ಬಳಿ ಕೈಯಿಟ್ಟು ಕಾಲುಗಂಟೆ ಮೌನವಾಗಿ ಕುಳಿತುಕೊಳ್ಳುತ್ತಾರೆ, ಆಮೇಲೆ ಸರದಿ ಬದಲಾಗುತ್ತದೆ. ದೀಕ್ಷೆಯ ನಂತರ ಮನೆಯಲ್ಲಿ 21 ದಿನ ಒಬ್ಬರೇ ಮಾಡುವ ಸ್ವಯಂ ಅಭ್ಯಾಸದಲ್ಲಿ ಎಂದೂ ಸಿಗದ ಒಂದು ಅನುಕೂಲ ಇಲ್ಲಿದೆ: ಒಂದೇ ದೇಹದ ಮೇಲೆ ಒಂದೇ ಹೊತ್ತಿನಲ್ಲಿ ಹಲವರ ಕೈಗಳಿರುತ್ತವೆ, ಮುಗಿದ ಮೇಲೆ ಎಲ್ಲರನ್ನೂ ಕೇಳಬಹುದು. ಹಾಗೆ ಕೇಳಿದಾಗ ಒಬ್ಬರು ಬಲಭುಜದ ಮೇಲೆ ಬಿಸಿಯಿತ್ತು ಎನ್ನುತ್ತಾರೆ, ಸ್ಥಳ ಬದಲಿಸಿಕೊಂಡು ಅದೇ ಭುಜದ ಮೇಲೆ ಕೈಯಿಟ್ಟ ಇನ್ನೊಬ್ಬರು ತಣ್ಣಗಿತ್ತು ಎನ್ನುತ್ತಾರೆ, ಮೂರನೆಯವರಿಗೆ ಏನೂ ಗೊತ್ತಾಗಿರುವುದಿಲ್ಲ. ಮಲಗಿದ್ದವರಾದರೋ ಭುಜದ ಮಾತನ್ನೇ ಎತ್ತದೆ, ಪಾದ ಹಿಡಿದವರು ಯಾರು, ಬಹಳ ಹಿತವಾಯಿತು ಎನ್ನುತ್ತಾರೆ.

ಇದನ್ನು ಒಮ್ಮೆ ನೋಡಿದರೆ ಸಾಲದು, ಹಲವು ವಾರ ನೋಡಬೇಕು. ಕೈಯ ಬಿಸಿಗೆ ಕಾರಣಗಳು ಬೇಕಾದಷ್ಟಿವೆ. ಎರಡು ಮೈಗಳು ಹತ್ತು ನಿಮಿಷ ತಾಗಿಕೊಂಡಿದ್ದರೆ ನಡುವೆ ಬಿಸಿ ಕೂಡಿಕೊಳ್ಳುತ್ತದೆ; ಉಣ್ಣೆಯ ಶಾಲು ಹೊದ್ದವರ ಮೈ ಒಂದು ಥರ, ಫ್ಯಾನಿನ ಕೆಳಗೆ ಮಲಗಿದವರ ಮೈ ಇನ್ನೊಂದು ಥರ; ಕೈಯನ್ನೇ ಎಡೆಬಿಡದೆ ಗಮನಿಸುತ್ತ ಕುಳಿತವರಿಗೆ ಜುಮ್ಮೆನ್ನುವುದೂ ಸಹಜ. ಅದರಲ್ಲಿ ಇನ್ನೇನೂ ಇಲ್ಲವೆಂದು ನಾನು ವಾದಿಸುತ್ತಿಲ್ಲ, ಇದ್ದರೂ ಅದಕ್ಕೆ ಕಾಯಿಲೆಯ ಹೆಸರಿಡುವ ಅಧಿಕಾರ ನಮಗಿಲ್ಲ ಎನ್ನುತ್ತಿದ್ದೇನೆ. ಜಪಾನಿನ ಪರಂಪರೆಯಲ್ಲಿ ಬ್ಯೋಸೆನ್ ಎಂಬ ಅಭ್ಯಾಸವಿದೆಯಲ್ಲ, ಅಂಗೈಯ ಅನುಭವದಿಂದಲೇ ತೊಂದರೆಯ ಜಾಗ ಹುಡುಕುತ್ತಿದ್ದರಲ್ಲ ಎಂದು ಓದಿಕೊಂಡವರು ಕೇಳುತ್ತಾರೆ. ಆ ಅಭ್ಯಾಸ ಇದೆ, ನಿಜ. ಆದರೆ ಅದರಿಂದ ಸಿಗುವ ಸೂಚನೆ ಎಲ್ಲಿ ಹೆಚ್ಚು ಹೊತ್ತು ಕೈಯಿಡಬೇಕು ಎಂಬುದಷ್ಟೇ ಹೊರತು ಅಲ್ಲಿರುವುದು ಯಾವ ರೋಗ ಎಂಬುದಲ್ಲ; ಅದನ್ನು ಕಲಿಯುತ್ತಿದ್ದದ್ದೂ ಬಲ್ಲವರ ಜೊತೆಯಲ್ಲಿ ಕುಳಿತು. ತಂಬೂರಿಯಿಲ್ಲದೆ ಹಾಡುವವರಿಗೆ ಶ್ರುತಿ ತಪ್ಪಿದ್ದು ತಿಳಿಯದಂತೆ, ಒಂಟಿಯಾಗಿ ಕೈಯಿಟ್ಟವರಿಗೆ ತಮ್ಮ ಊಹೆ ಎಲ್ಲಿ ಶುರುವಾಯಿತೆಂಬುದು ತಿಳಿಯುವುದಿಲ್ಲ.

ನಮ್ಮ ಗುಂಪಿನಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿದ್ದಾರೆ. ಅವರ ಕೈ ಬೇಸಿಗೆಯಲ್ಲೂ ತಣ್ಣಗೆ, ಅವರಿಗೆ ಈವರೆಗೆ ಯಾವ ಅನುಭವವೂ ಆಗಿಲ್ಲ, ಅದನ್ನು ಲೆಕ್ಕಪತ್ರ ಒಪ್ಪಿಸುವ ಗಾಂಭೀರ್ಯದಿಂದ ಪ್ರತಿ ಸಲವೂ ತಿಳಿಸುತ್ತಾರೆ. ಆದರೂ ಅವರು ತಲೆಯ ಬಳಿ ಕುಳಿತರೆಂದರೆ ಮಲಗಿದವರು ಗೊರಕೆ ಹೊಡೆಯುವುದು ಬಹುತೇಕ ಖಚಿತ. ಒಬ್ಬರೇ ಮನೆಯಲ್ಲಿ ಮಾಡುತ್ತಿದ್ದಿದ್ದರೆ ತನಗೆ ಇದು ಹೇಳಿದ್ದಲ್ಲವೆಂದು ಅವರು ಎಂದೋ ಬಿಟ್ಟಿರುತ್ತಿದ್ದರು.

ಇನ್ನೊಂದು ಪ್ರಸಂಗ ಇಷ್ಟು ಹಗುರವಾದದ್ದಲ್ಲ. ಸರ್ಟಿಫಿಕೇಟಿನ ಮೇಲೆ ಸರ್ಟಿಫಿಕೇಟು ಪಡೆದಿದ್ದ, ಆದರೆ ಯಾವ ಗುಂಪಿನಲ್ಲೂ ಕೂರದ ಒಬ್ಬ ಮಹಿಳೆ ನೆರೆಮನೆಯ ಅಜ್ಜಿಗೆ, “ನಿಮ್ಮ ಹೊಟ್ಟೆಯಲ್ಲಿ ಗಂಟಿದ್ದ ಹಾಗಿದೆ ಅಮ್ಮ” ಎಂದುಬಿಟ್ಟರು. ಸ್ಕ್ಯಾನಿಂಗ್ ಮಾಡಿಸಿ ಏನೂ ಇಲ್ಲವೆಂದು ವೈದ್ಯರು ಹೇಳುವವರೆಗೆ ಆ ಮುದಿಜೀವಕ್ಕೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಗುಂಪಿನಲ್ಲಿ ಹಾಗೆ ಬಾಯಿತಪ್ಪಿದ್ದರೆ ಪಕ್ಕದಲ್ಲಿ ಕುಳಿತವರು ಅಲ್ಲೇ ತಡೆಯುತ್ತಿದ್ದರು. ನಮ್ಮಲ್ಲಿ ನಮ್ಮ ಕೈಯ ಬಗ್ಗೆ ಮಾತಾಡಬಹುದು, ಇನ್ನೊಬ್ಬರ ದೇಹದ ಬಗ್ಗೆ ಮಾತಾಡುವಂತಿಲ್ಲ.

ಈ ವಿದ್ಯೆ ಹುಟ್ಟಿದ್ದೂ ಕೂಟದಲ್ಲೇ ಎಂಬುದನ್ನು ವಾರಾಂತ್ಯದ ತರಗತಿಗಳು ಮರೆಸಿಬಿಟ್ಟಿವೆ. ರೇಕಿಯನ್ನು ಆರಂಭಿಸಿದ ಮಿಕಾವೊ ಉಸುಯಿ ಅವರು 1922ರಲ್ಲಿ ಟೋಕಿಯೊದಲ್ಲಿ ಸ್ಥಾಪಿಸಿದ್ದು ಒಂದು ಸಂಘವನ್ನು. ಸದಸ್ಯರು ಕೂಡಿ ರೇಕಿಯ ಐದು ನೀತಿಸೂತ್ರಗಳನ್ನು ಹೇಳುತ್ತಿದ್ದರು, ರೇಜು ಎಂಬ ದೀಕ್ಷೆಯನ್ನು ಒಂದೇ ಬಾರಿಗೆ ಮುಗಿಸದೆ ಮತ್ತೆ ಮತ್ತೆ ಪಡೆಯುತ್ತಿದ್ದರು. ಅವರ ಶಿಷ್ಯ, ನೌಕಾಪಡೆಯಲ್ಲಿದ್ದ ಚುಜಿರೊ ಹಯಾಶಿ ಅವರ ಚಿಕಿತ್ಸಾಲಯದಲ್ಲಿ ಒಬ್ಬ ರೋಗಿಗೆ ಇಬ್ಬರು ಕೂರುವ ಪದ್ಧತಿಯಿತ್ತು. ರೇಕಿಯನ್ನು ಪಶ್ಚಿಮಕ್ಕೆ ಒಯ್ದ ಹವಾಯೊ ಟಕಾಟ ಅವರು 1935ರಲ್ಲಿ ಆ ಚಿಕಿತ್ಸಾಲಯಕ್ಕೆ ಹೋದದ್ದು ತಮ್ಮದೇ ಕಾಯಿಲೆಗಾಗಿ. ಆಮೇಲೆ ಅಲ್ಲೇ ಇತರರ ಜೊತೆ ಕೂತು ಕೆಲಸ ಕಲಿತು 1937ರಲ್ಲಿ ಹವಾಯಿಗೆ ಮರಳಿದರು. ಶನಿವಾರ ಫಸ್ಟ್ ಡಿಗ್ರಿ, ಭಾನುವಾರ ಸೆಕೆಂಡ್ ಡಿಗ್ರಿ ಮುಗಿಸಿ ಸೋಮವಾರ ಬೋರ್ಡು ಹಾಕುವವರು ಇದನ್ನು ಸ್ವಲ್ಪ ಯೋಚಿಸಲಿ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಬೇಕು. ರೇಕಿಯಿಂದ ರೋಗ ವಾಸಿಯಾಗುತ್ತದೆ ಎನ್ನುವುದಕ್ಕೆ ಭದ್ರವಾದ ವೈಜ್ಞಾನಿಕ ಆಧಾರವಿಲ್ಲ. ಆತಂಕ ಮತ್ತು ಖಿನ್ನತೆಯ ಮಟ್ಟಿಗೆ ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ಅಳೆಯುವ ಕಾಕ್ರೇನ್ ಸಂಸ್ಥೆಯ 2015ರ ಪರಿಶೀಲನೆಯೂ ಸಾಕ್ಷ್ಯ ಸಾಲದೆಂದೇ ಹೇಳಿತು. ನಾನು ಕಂಡದ್ದು ವಿಶ್ರಾಂತಿ, ಸಲಿಗೆ, ಒಳ್ಳೆಯ ನಿದ್ದೆ, ಮತ್ತು ವರ್ಷಗಟ್ಟಲೆ ಮನೆಯ ಹಿರಿಯರ ಆರೈಕೆ ಮಾಡಿ ದಣಿದ ಹೆಣ್ಣುಮಕ್ಕಳಿಗೆ, ತಮ್ಮನ್ನೂ ಯಾರೋ ಕಾಲುಗಂಟೆ ನೋಡಿಕೊಂಡರು ಎಂಬ ಸಮಾಧಾನ. ಗುಂಪು ಸೇರಲು ನನಗೆ ಈ ಲಾಭವೇ ಸಾಕು. ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆ ನಿಲ್ಲಿಸಿ ಎನ್ನುವವರು ಗುಂಪಿನಲ್ಲಿದ್ದರೆ ಆ ಗುಂಪಿಗೆ ಹೋಗಬೇಡಿ. ಎದೆನೋವು ಬಂದವರು ನಮ್ಮ ಹಜಾರಕ್ಕಲ್ಲ, ನೇರವಾಗಿ ಆಸ್ಪತ್ರೆಗೆ ಹೋಗತಕ್ಕದ್ದು.

ಸೇರುವ ಮೊದಲು ಒಂದು ದಿನ ಸುಮ್ಮನೆ ಕುಳಿತು ನೋಡಿ. ಸರದಿ ಎಲ್ಲರಿಗೂ ಬರುತ್ತದೆಯೇ, ಅಥವಾ ಗುರುಗಳೊಬ್ಬರೇ ಕೊಟ್ಟು ಉಳಿದವರು ಬರೀ ಪಡೆಯುತ್ತಾರೆಯೇ? ಕೈಯಿಡುವ ಮೊದಲು ಅನುಮತಿ ಕೇಳುತ್ತಾರೆಯೇ, ಮುಟ್ಟುವುದು ಬೇಡವೆಂದವರಿಗೆ ತುಸು ಮೇಲೆ ಕೈ ಹಿಡಿಯುತ್ತಾರೆಯೇ? ಹಣದ ಮಾತು ಚಹಾ ಬಿಸ್ಕತ್ತಿನ ಖರ್ಚಿಗಿಂತ ಮುಂದೆ ಹೋಗುತ್ತದೆಯೇ? ಎಂದೋ ದೀಕ್ಷೆ ಪಡೆದು ಅಭ್ಯಾಸ ಬಿಟ್ಟವರು ಮತ್ತೊಮ್ಮೆ ಶುಲ್ಕ ಕೊಟ್ಟು ಮೊದಲಿನಿಂದ ಕಲಿಯಬೇಕಾಗಿಲ್ಲ. ನಮ್ಮಲ್ಲಿ ಅಂಥವರನ್ನು ಮೊದಲ ದಿನ ಪಾದದ ಬಳಿ ಕೂರಿಸುತ್ತೇವೆ, ಪಕ್ಕದಲ್ಲಿ ಆ ಬ್ಯಾಂಕ್ ಅಧಿಕಾರಿಗಳನ್ನೇ ಕೂರಿಸುತ್ತೇವೆ.