ಪದ ಪರಿಚಯ: ವಿಕಿರಣಶೀಲ ವಸ್ತುಗಳ ಸುರಕ್ಷಿತ ಸಾಗಣೆ

ವಿಕಿರಣಶೀಲ ವಸ್ತುವನ್ನು ರಸ್ತೆ, ರೈಲು, ಹಡಗು ಅಥವಾ ವಿಮಾನದಲ್ಲಿ ಒಯ್ಯುವಾಗ ದಾರಿಹೋಕರಿಗಾಗಲಿ, ಅದನ್ನು ಎತ್ತಿ ಇಳಿಸುವ ಕೆಲಸಗಾರರಿಗಾಗಲಿ, ಪರಿಸರಕ್ಕಾಗಲಿ ಹಾನಿಯಾಗದಂತೆ ಕಾನೂನಿನ ಬಲದಿಂದ ನೋಡಿಕೊಳ್ಳುವ ವ್ಯವಸ್ಥೆಗೆ ‘ವಿಕಿರಣಶೀಲ ವಸ್ತುಗಳ ಸುರಕ್ಷಿತ ಸಾಗಣೆ’ ಎನ್ನುತ್ತಾರೆ. ಈ ಮಾತು ಕೇಳಿದೊಡನೆ ಅಣುಸ್ಥಾವರದ ಬಳಸಿದ ಇಂಧನ ನೆನಪಿಗೆ ಬರುವುದು ಸಹಜ. ಆದರೆ ಆಸ್ಪತ್ರೆಗಳಿಗೆ ಹೋಗುವ ಔಷಧ, ಬೆಸುಗೆಯ ದೋಷ ಪತ್ತೆಹಚ್ಚುವ ಇರಿಡಿಯಂ-192, ಗಣಿ ಮತ್ತು ಕಾರ್ಖಾನೆಗಳ ಅಳತೆಯ ಉಪಕರಣಗಳು, ಇವೆಲ್ಲವೂ ಇದೇ ನಿಯಮಗಳ ಅಡಿಯಲ್ಲಿ ದಿನವೂ ಸಾಗುತ್ತಿರುತ್ತವೆ.

ಈ ನಿಯಮಗಳ ಮೂಲ ಪಠ್ಯವನ್ನು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 1961ರಲ್ಲಿ ಮೊದಲ ಬಾರಿಗೆ ಪ್ರಕಟಿಸಿತು. ಅಲ್ಲಿಂದ ಹಲವು ಸಲ ಪರಿಷ್ಕರಣೆಗೊಂಡ ಅದರ 2018ರ ಆವೃತ್ತಿಗೆ ‘ಎಸ್‌ಎಸ್‌ಆರ್-6 (ಪರಿಷ್ಕರಣೆ 1)’ ಎಂಬ ಸಂಖ್ಯೆಯಿದೆ. ಅದು ತಾನಾಗಿಯೇ ಯಾವ ದೇಶದ ಮೇಲೂ ಕಾನೂನಾಗಿ ಜಾರಿಯಾಗುವುದಿಲ್ಲ. ದೇಶಗಳು ತಮ್ಮ ಶಾಸನದಲ್ಲಿ ಸೇರಿಸಿಕೊಂಡಾಗ, ವಿಮಾನ ಮತ್ತು ಹಡಗು ಸಾಗಣೆಯ ಅಂತರರಾಷ್ಟ್ರೀಯ ನಿಯಮಗಳು ಅಳವಡಿಸಿಕೊಂಡಾಗ ಅದಕ್ಕೆ ಬಲ ಬರುತ್ತದೆ. ಅಪಾಯಕಾರಿ ಸರಕುಗಳ ವಿಶ್ವಸಂಸ್ಥೆಯ ವರ್ಗೀಕರಣದಲ್ಲಿ ವಿಕಿರಣಶೀಲ ವಸ್ತುಗಳದು ಏಳನೆಯ ವರ್ಗ.

ಈ ನಿಯಮಗಳು ನಿಂತಿರುವ ಆಧಾರ ಒಂದೇ: ಸುರಕ್ಷತೆ ಮುಖ್ಯವಾಗಿ ಪ್ಯಾಕೇಜಿನಲ್ಲಿಯೇ ಇರಬೇಕು. ಲಾರಿ ಚಾಲಕನಿಗೋ ಬಂದರಿನ ಕಾರ್ಮಿಕನಿಗೋ ವಿಕಿರಣ ವಿಜ್ಞಾನ ತಿಳಿದಿರಬೇಕೆಂದು ನಿರೀಕ್ಷಿಸುವಂತಿಲ್ಲ, ಅಪಘಾತ ಆಗುವುದೇ ಇಲ್ಲವೆಂದು ನಂಬುವಂತೆಯೂ ಇಲ್ಲ. ಆದ್ದರಿಂದ ಒಳಗಿನ ವಸ್ತುವಿನ ಅಪಾಯ ಎಷ್ಟೋ ಪ್ಯಾಕೇಜಿನ ಗಟ್ಟಿತನವೂ ಅಷ್ಟಿರಬೇಕು, ಮತ್ತು ಆ ಹೊಣೆ ಮೊದಲಿಗೆ ಕಳುಹಿಸುವವರದೇ.

ಅಪಾಯವನ್ನು ಅಳೆಯಲು ಪ್ರತಿಯೊಂದು ವಿಕಿರಣಶೀಲ ಐಸೊಟೋಪಿಗೂ ಎ1, ಎ2 ಎಂಬ ಎರಡು ಪ್ರಮಾಣ ಮಿತಿಗಳನ್ನು ಗೊತ್ತುಮಾಡಲಾಗಿದೆ. ಅಪಘಾತದಲ್ಲಿ ಹಾಳಾದ ಪ್ಯಾಕೇಜಿನಿಂದ ಒಂದು ಮೀಟರ್ ದೂರದಲ್ಲಿ ಅರ್ಧ ಗಂಟೆ ನಿಂತ ವ್ಯಕ್ತಿಗೆ 50 ಮಿಲಿಸೀವರ್ಟ್‌ಗಿಂತ ಹೆಚ್ಚು ವಿಕಿರಣ ತಗುಲಬಾರದೆಂಬುದು ಈ ಲೆಕ್ಕದ ಮೂಲದಲ್ಲಿರುವ ಕಲ್ಪನೆ. ಮಿಲಿಸೀವರ್ಟ್ ಎಂಬುದು ದೇಹಕ್ಕೆ ತಗುಲುವ ವಿಕಿರಣದ ಅಳತೆ. ಸುಲಭವಾಗಿ ಒಡೆಯದ, ಚೆದುರದ ಮುಚ್ಚಿದ ಕ್ಯಾಪ್ಸೂಲಿನಂತಹ ರೂಪಕ್ಕೆ ಎ1, ಉಳಿದ ರೂಪಗಳಿಗೆ ಎ2 ಅನ್ವಯಿಸುತ್ತದೆ. ಸೀಸಿಯಂ-137ಕ್ಕೆ ಎ1 ಮಿತಿ 2 ಟೆರಾಬೆಕೆರೆಲ್ (ವಸ್ತುವಿನ ವಿಕಿರಣಶೀಲತೆಯ ಅಳತೆ) ಆದರೆ ಎ2 ಮಿತಿ 0.6 ಮಾತ್ರ. ಕೋಬಾಲ್ಟ್-60ಕ್ಕೆ ಎರಡೂ 0.4, ಅದರ ಗಾಮಾ ಕಿರಣಗಳು ಎಷ್ಟು ತೀಕ್ಷ್ಣವೆಂದರೆ, ಚೆದುರಿದರೂ ಚೆದುರದಿದ್ದರೂ ಹೊರಗಿನಿಂದ ಬೀಳುವ ವಿಕಿರಣವೇ ಮಿತಿಯನ್ನು ನಿರ್ಧರಿಸಿಬಿಡುತ್ತದೆ.

ಈ ಮಿತಿಯೊಳಗಿನ ಪ್ರಮಾಣವನ್ನು ‘ಟೈಪ್ ಎ’ ಪ್ಯಾಕೇಜಿನಲ್ಲಿ ಕಳುಹಿಸಬಹುದು. ಮಳೆ, ಕೈಜಾರಿ ಬೀಳುವುದು, ಮೇಲೆ ಭಾರ ಪೇರಿಸುವುದು ಮುಂತಾದ ಸಾಗಣೆಯ ಸಾಮಾನ್ಯ ಏಟುಗಳನ್ನು ಅದು ತಾಳಿಕೊಂಡರೆ ಸಾಕು. ಮಿತಿ ಮೀರಿದ ಪ್ರಮಾಣಕ್ಕೆ ‘ಟೈಪ್ ಬಿ’ ಬೇಕು, ಮತ್ತು ಇಲ್ಲಿ ಪರೀಕ್ಷೆಗಳ ಸ್ವರೂಪವೇ ಬದಲಾಗುತ್ತದೆ. ಸಾಮಾನ್ಯವಾಗಿ ಪ್ಯಾಕೇಜನ್ನು 9 ಮೀಟರ್ ಎತ್ತರದಿಂದ ಬೀಳಿಸುತ್ತಾರೆ, 1 ಮೀಟರ್ ಎತ್ತರದಿಂದ ಉಕ್ಕಿನ ಕಂಬದ ತುದಿಯ ಮೇಲೆ ಬೀಳಿಸುತ್ತಾರೆ, ಬಳಿಕ ಅದೇ ಜಖಂಗೊಂಡ ಪ್ಯಾಕೇಜನ್ನು 800 ಡಿಗ್ರಿ ಸೆಲ್ಸಿಯಸ್ ಬೆಂಕಿಯಲ್ಲಿ 30 ನಿಮಿಷ ಇಡುತ್ತಾರೆ. ಒಂಬತ್ತು ಮೀಟರಿನಿಂದ ಬಿದ್ದಾಗಿನ ವೇಗ ಗಂಟೆಗೆ ಸುಮಾರು 48 ಕಿಲೋಮೀಟರ್ ಮಾತ್ರವಲ್ಲವೇ, ಹೆದ್ದಾರಿಯಲ್ಲಿ ಲಾರಿ ಅದಕ್ಕಿಂತ ವೇಗವಾಗಿ ಓಡುತ್ತದಲ್ಲ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಪರೀಕ್ಷೆಯ ನೆಲ ಒಂದಿಷ್ಟೂ ಬಗ್ಗದಂತೆ ಕಟ್ಟಿದ್ದು. ನಿಜವಾದ ಅಪಘಾತದಲ್ಲಿ ಮಣ್ಣು, ಡಾಂಬರು, ವಾಹನದ ಮೈ ಹಂಚಿಕೊಳ್ಳುವ ಹೊಡೆತವನ್ನು ಇಲ್ಲಿ ಪ್ಯಾಕೇಜ್ ಒಂದೇ ನುಂಗಬೇಕಾಗುತ್ತದೆ. ಇಷ್ಟೆಲ್ಲ ಆದ ಮೇಲೂ ಒಂದು ಮೀಟರ್ ದೂರದಲ್ಲಿ ವಿಕಿರಣ ಗಂಟೆಗೆ 10 ಮಿಲಿಸೀವರ್ಟ್ ದಾಟಬಾರದು.

ಪ್ಯಾಕೇಜಿನ ಹೊರಮೈ ಮೇಲಿನ ಲೇಬಲ್ಲಿನಲ್ಲಿ ಕೆಲಸಗಾರನಿಗೆ ನೇರವಾಗಿ ಉಪಯೋಗಕ್ಕೆ ಬರುವುದು ‘ಸಾಗಣೆ ಸೂಚ್ಯಂಕ’. ಪ್ಯಾಕೇಜಿನಿಂದ ಒಂದು ಮೀಟರ್ ದೂರದಲ್ಲಿ ಗಂಟೆಗೆ ಇರುವ ಅತಿ ಹೆಚ್ಚಿನ ವಿಕಿರಣವನ್ನು ಮಿಲಿಸೀವರ್ಟ್‌ಗಳಲ್ಲಿ ಅಳೆದು ನೂರರಿಂದ ಗುಣಿಸಿದರೆ ಈ ಅಂಕಿ ಸಿಗುತ್ತದೆ. ಸೂಚ್ಯಂಕ 1 ಇದ್ದರೆ ಆ ದೂರದಲ್ಲಿ ಗಂಟೆಗೆ 0.01 ಮಿಲಿಸೀವರ್ಟ್; ಸಾರ್ವಜನಿಕರಿಗೆ ವಿಧಿಸಿರುವ ವಾರ್ಷಿಕ ಮಿತಿಯಾದ 1 ಮಿಲಿಸೀವರ್ಟ್ ತಲುಪಲು ಅಲ್ಲಿ ನೂರು ಗಂಟೆ ನಿಲ್ಲಬೇಕು. ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ವಿಕಿರಣವನ್ನು ಸೂಚಿಸುವ ಮೂರು ದಳದ ಚಿಹ್ನೆ ಕಂಡ ಕೂಡಲೇ ಸರಕನ್ನು ನಿರಾಕರಿಸುವ ಸಾಗಣೆದಾರರೂ ಬಂದರುಗಳೂ ಇವೆ. ರೋಗಪತ್ತೆಗೆ ಬಳಸುವ ಟೆಕ್ನೀಷಿಯಂನ ಮೂಲವಾದ ಮಾಲಿಬ್ಡಿನಂ-99 ಸುಮಾರು 66 ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ಅಂತಹ ಸರಕು ಗೋದಾಮಿನಲ್ಲಿ ಕೊಳೆತರೆ ನಷ್ಟ ರೋಗಿಗೆ.

ಹಾಗೆಂದು ನಿರ್ಲಕ್ಷ್ಯಕ್ಕೂ ಇಲ್ಲಿ ಎಡೆಯಿಲ್ಲ. 2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ನ್ಯೂಮನ್ ಬಳಿಯ ಗಣಿಯಿಂದ ಪರ್ತ್‌ಗೆ ಲಾರಿಯಲ್ಲಿ ಸಾಗಿದ ಅಳತೆಯ ಉಪಕರಣವೊಂದರಿಂದ 6 ಮಿಲಿಮೀಟರ್ ಅಗಲ, 8 ಮಿಲಿಮೀಟರ್ ಉದ್ದದ ಸೀಸಿಯಂ-137 ಕ್ಯಾಪ್ಸೂಲ್ ಕಳಚಿ ದಾರಿಯಲ್ಲಿ ಬಿದ್ದುಹೋಯಿತು. ಅದರ ಪ್ರಮಾಣ 19 ಗಿಗಾಬೆಕೆರೆಲ್ (0.019 ಟೆರಾಬೆಕೆರೆಲ್), ಅಂದರೆ ಎ1 ಮಿತಿಯ ನೂರನೇ ಒಂದು ಪಾಲಿಗಿಂತಲೂ ಕಡಿಮೆ. ಹಾಗಿದ್ದರೂ ಕೈಯಲ್ಲಿ ಹಿಡಿದವರಿಗೆ ಸುಟ್ಟಗಾಯವಾಗುವಷ್ಟು ಶಕ್ತಿ ಅದಕ್ಕಿತ್ತು. ಬೋಲ್ಟೊಂದು ಸಡಿಲಗೊಂಡು ಬಿದ್ದು, ಆ ರಂಧ್ರದಿಂದಲೇ ಕ್ಯಾಪ್ಸೂಲ್ ಜಾರಿರಬೇಕೆಂದು ಅಧಿಕಾರಿಗಳು ಹೇಳಿದರು. ಸುಮಾರು 1,400 ಕಿಲೋಮೀಟರ್ ದಾರಿಯನ್ನು ಶೋಧಿಸಬೇಕಾಯಿತು. ಫೆಬ್ರವರಿ 1ರಂದು, ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದ್ದ ಶೋಧ ವಾಹನದ ಸಂವೇದಕಗಳು ರಸ್ತೆಯಂಚಿನಿಂದ ಸುಮಾರು ಎರಡು ಮೀಟರ್ ಆಚೆ ಬಿದ್ದಿದ್ದ ಅದನ್ನು ಗುರುತಿಸಿದವು.

ಸಾಗಣೆಯ ಕುಲುಕಾಟಕ್ಕೆ ನಟ್ಟು, ಬೋಲ್ಟುಗಳು ತಾವಾಗಿ ಸಡಿಲಗೊಳ್ಳದಂತೆ ಪ್ಯಾಕೇಜನ್ನು ವಿನ್ಯಾಸಗೊಳಿಸಬೇಕೆಂದು ಅಂತರರಾಷ್ಟ್ರೀಯ ನಿಯಮ ಸ್ಪಷ್ಟವಾಗಿಯೇ ಹೇಳುತ್ತದೆ. ಒಂಬತ್ತು ಮೀಟರ್ ಪತನದ ಪರೀಕ್ಷೆಗೆ ಸಿಗುವ ಗಮನ ಈ ಸಾಲಿಗೂ ಸಿಗಬೇಕು ಎಂಬುದು ನನ್ನ ಅಭಿಪ್ರಾಯ. ಸರಕನ್ನು ಬರಮಾಡಿಕೊಳ್ಳುವವರ ಪಾತ್ರವೂ ಚಿಕ್ಕದಲ್ಲ. ಆ ಪ್ಯಾಕೇಜ್ ಪರ್ತ್ ತಲುಪಿದ್ದು ಜನವರಿ 16ರಂದು, ತೆರೆದದ್ದು 25ರಂದು. ಬಂದ ದಿನವೇ ಹೊರಗಿನಿಂದ ಒಂದು ಮೀಟರ್ ದೂರದಲ್ಲಿ ವಿಕಿರಣ ಅಳೆದು ಕಳುಹಿಸುವಾಗಿನ ಅಳತೆಯೊಂದಿಗೆ ತಾಳೆ ನೋಡಿದ್ದರೆ, ಒಳಗೆ ಕ್ಯಾಪ್ಸೂಲ್ ಇಲ್ಲವೆಂಬುದು ಮುಚ್ಚಳ ತೆರೆಯುವ ಮೊದಲೇ ತಿಳಿಯುತ್ತಿತ್ತು.