ಹಸು ಗಬ್ಬ ನಿಲ್ಲದಿದ್ದರೆ ಹೋರಿಯನ್ನೂ ಪರೀಕ್ಷಿಸಿ

ಹಸು ಗಬ್ಬ ನಿಲ್ಲಲಿಲ್ಲ ಅಂದರೆ ಮೊದಲು ಬೈಸಿಕೊಳ್ಳುವುದು ಹಸುವೇ. ಮೈತುಂಬಿಕೊಂಡು ಗುಟುರು ಹಾಕುವ ಹಳ್ಳಿಕಾರ್ ಹೋರಿಯ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಆದರೆ ಹಸುವಿನಲ್ಲಿ ದೋಷವಿದ್ದರೆ ತಪ್ಪುವುದು ಒಂದು ಕರು. ಬೀಜದ ಹೋರಿಯಲ್ಲಿ ದೋಷವಿದ್ದರೆ ಅದಕ್ಕೆ ಕೊಡಿಸಿದ ಹಸುಗಳೆಲ್ಲ ಮತ್ತೆ ಮತ್ತೆ ಬೆದೆಗೆ ಬರುತ್ತವೆ.

ಅಮೆರಿಕದ ಎಷ್ಟೋ ಮಾಂಸದ ದನಗಳ ಹಿಂಡಿಗೆ ಹೋರಿ ಬಿಡುವುದು ವರ್ಷಕ್ಕೆ ಎರಡು ಮೂರು ತಿಂಗಳು ಮಾತ್ರ. ಅದು ಕೈತಪ್ಪಿದರೆ ಆ ವರ್ಷದ ಕರುಗಳೇ ಹೋದವು. ಹಾಗಾಗಿ ಅಲ್ಲಿ ಮೊದಲೇ ಪರೀಕ್ಷೆ ಮಾಡಿಸುತ್ತಾರೆ. ಕಾಲು, ಗೊರಸು, ಕಣ್ಣು ನೋಡುತ್ತಾರೆ. ಹಿಂಗಾಲು ನೋಯುವ ಹೋರಿ ಹಸುವಿನ ಮೇಲೆ ಹಾರುವುದೇ ಕಷ್ಟ. ಆಮೇಲೆ ಟೇಪು ಹಿಡಿದು ವೃಷಣದ ಸುತ್ತಳತೆ ತೆಗೆಯುತ್ತಾರೆ. 15 ತಿಂಗಳಿಗೆ ಕನಿಷ್ಠ 30 ಸೆಂಟಿಮೀಟರ್, 2 ವರ್ಷ ದಾಟಿದರೆ 34 ಇರಬೇಕು. (ಇದು ಅಲ್ಲಿನ ತಳಿಗಳ ಲೆಕ್ಕ. ನಿಧಾನವಾಗಿ ಬೆಳೆಯುವ ನಮ್ಮ ನಾಟಿ ತಳಿಗೆ ಹಾಗೇ ಹಾಕಬೇಡಿ.) ಸುತ್ತಳತೆ ಜಾಸ್ತಿಯಿರುವ ಹೋರಿಯ ಹೆಣ್ಣುಕರುಗಳು ಬೇಗ ಬೆದೆಗೆ ಬರುತ್ತವೆ ಅನ್ನುವುದು ಸ್ವಾರಸ್ಯದ ವಿಷಯ, ಅಲ್ವಾ? ಕೊನೆಗೆ ಮೈಕ್ರೋಸ್ಕೋಪ್. ಶೇಕಡಾ 30ರಷ್ಟಾದರೂ ವೀರ್ಯಾಣುಗಳು ನೇರ ಮುಂದಕ್ಕೆ ಈಜಬೇಕು, ಶೇಕಡಾ 70ರ ಆಕಾರ ಸರಿಯಿರಬೇಕು.

ಇಷ್ಟಾದರೂ ಅವತ್ತಿನ ಹೋರಿಯನ್ನಷ್ಟೇ ನೋಡಿದರೆ ಸಾಲದು. ವೃಷಣ ಹೊರಗೆ ಜೋತುಬಿದ್ದಿರುವುದು ಸುಮ್ನೆ ಅಲ್ಲ. ಮೈಗಿಂತ ನಾಲ್ಕೈದು ಡಿಗ್ರಿ ತಂಪಿದ್ದರೇನೇ ಅಲ್ಲಿ ವೀರ್ಯಾಣು ಸರಿಯಾಗಿ ತಯಾರಾಗುವುದು. ಆ ಕೆಲಸಕ್ಕೆ ಸುಮಾರು 61 ದಿನ ಬೇಕು. ಹೊರಗೆ ಬರುವ ಮುನ್ನ ಪಕ್ಕದ ನಾಳದಲ್ಲಿ ಬಲಿಯಲು ಇನ್ನೂ ಕೆಲವು ದಿನ. ಈಗ ಹೋರಿಗೆ ಕಾಲುಬಾಯಿ ಜ್ವರ ಬಂತು ಅಂದುಕೊಳ್ಳಿ. ಮೈ ಕಾದು, ವೃಷಣವೂ ಕಾಯುತ್ತದೆ. ಒಂದು ತಿಂಗಳಾದ ಮೇಲೆ ಹೋರಿ ಚೆನ್ನಾಗಿ ಮೇಯುತ್ತದೆ, ಹುರುಪಿನಿಂದ ಹಾರುತ್ತದೆ. ಬರುವ ವೀರ್ಯ ಮಾತ್ರ ಜ್ವರದ ದಿನಗಳದ್ದು! ಆದ್ದರಿಂದ ಪರೀಕ್ಷೆಯ ದಿನ ವೈದ್ಯರಿಗೆ ಹೋರಿಯ ಹಿಂದಿನ ಎರಡು ತಿಂಗಳ ಕಥೆಯನ್ನೂ ಹೇಳಬೇಕು.

ರೋಗದ ಮಾತು ಬೇರೆ. ಹಾರುವಾಗ ಹೋರಿಯಿಂದ ಹಸುವಿಗೆ ಅಂಟುವ ಟ್ರೈಕೊಮೊನಿಯಾಸಿಸ್ ರೋಗ ಇರುವ ಹೋರಿಯಲ್ಲಿ ಹೊರಗೆ ಏನೂ ಕಾಣದು, ಹಸುಗಳು ಮಾತ್ರ ಕಂದು ಹಾಕುತ್ತವೆ. ಕಂದು ಹಾಕಿಸುವ ಇನ್ನೊಂದು ರೋಗ ಬ್ರುಸೆಲ್ಲೋಸಿಸ್ ಮನುಷ್ಯರಿಗೂ ಅಂಟುತ್ತದೆ. ಅಂಥ ಹೋರಿಯನ್ನು ಹಸುವಿನ ಹತ್ತಿರ ಬಿಡಲೇಬಾರದು.

ರೋಗವಿಲ್ಲದೆ, ಬರೀ ವೀರ್ಯ ಚೆನ್ನಾಗಿಲ್ಲ ಅಂತ ಫೇಲಾದರೆ ಹೋರಿಯನ್ನು ಅವಸರದಲ್ಲಿ ಮಾರಬೇಡಿ. ನೆರಳು, ನೀರು, ಮೇವು ಕೊಟ್ಟು ಎರಡು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ. ಅಲ್ಲಿವರೆಗೆ ಹಸುಗಳಿಗೆ ಕೃತಕ ಗರ್ಭಧಾರಣೆ ಇದ್ದೇ ಇದೆ.